ತಾರೆ ಮರದ ಬಾವುಟ

ಇವತ್ತು ಬೆಳಿಗ್ಗೆ ಕಪಾಟಿನ ಮೇಲಿನ ಅರೆಗೆ ಕೈಹಾಕಿ ಒಂದು ಕೆಂಪು ಬಟ್ಟೆಯನ್ನು ಕೆಳಗಿಳಿಸಿದೆ. ಇಳಿಸಿದ್ದೇ ತಡ, ಮನೆಗೆಲ್ಲ ವಾಸನೆ ಹಬ್ಬಿತು. ಉಪ್ಪುನೀರು, ಡೀಸೆಲ್ಲು, ಒಣಮೀನು, ಅವುಗಳ ಮೇಲೆ ನಾನು ಛಲ ಬಿಡದೆ ವರ್ಷವರ್ಷವೂ ಇಡುತ್ತ ಬಂದಿರುವ ಡಾಂಬರು ಗುಳಿಗೆ. ಎಷ್ಟು ಸಲ ಒಗೆದರೂ ಈ ವಾಸನೆ ಜಗ್ಗಿಲ್ಲ. ನಮ್ಮ ಕಾರವಾರದ ಮನೆಗೆ ಹೊಸದಾಗಿ ಬಂದವರು ಮೂಗು ಅರಳಿಸಿದರೆ, ಮಧ್ಯಾಹ್ನ ಮೀನು ಮಾಡಿದ್ದೆ ಎಂದು ಹೇಳಿ ಪಾರಾಗುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಗಸು ಹಕ್ಕಿಯೊಂದಕ್ಕೆ ಸೇರಿದ ಬಾವುಟವನ್ನು ರೇಷ್ಮೆ ಸೀರೆಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ ಎಂದರೆ ಯಾರು ನಂಬಬೇಕು? ನೀವು ನಂಬುತ್ತೀರಿ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನನ್ನ ತವರು ಹಣಕೋಣ. ಮುಂದೆ ಗದ್ದೆ, ಗದ್ದೆಯಾಚೆ ಕಾಳಿ ಹೊಳೆ, ಹಿಂದೆ ಗುಡ್ಡ. ಗುಡ್ಡದ ಕಾಡು ನಮ್ಮ ಹಿತ್ತಲಿನ ತನಕ ಇಳಿದು ಬಂದು ಅಲ್ಲಿ ಒಂದು ತಾರೆ ಮರದ ರೂಪದಲ್ಲಿ ನಿಂತುಬಿಟ್ಟಿದೆ. ನಾನು ಸಣ್ಣವಳಿದ್ದಾಗಲೇ ಆ ಮರಕ್ಕೆ ವಯಸ್ಸಾಗಿತ್ತು. ಮನೆಯ ಮಾಡಿಗಿಂತ ಸಾಕಷ್ಟು ಮೇಲೆ ಒಂದು ಪೊಟರೆ. ಅದರೊಳಗೆ ಹಾವಿದೆ ಎಂದು ಅಪ್ಪ, ಜೇನಿದೆ ಎಂದು ಅಣ್ಣ, ಏನೂ ಇಲ್ಲ ಎಂದು ಆಯಿ, ಅಂದರೆ ನನ್ನ ಅಮ್ಮ. ನಮ್ಮ ಮನೆಯಲ್ಲಿ ಒಂದು ವಿಷಯಕ್ಕೆ ಮೂರು ಅಭಿಪ್ರಾಯ ಇರುವುದು ಮೊದಲಿನಿಂದ ನಡೆದುಬಂದ ಕ್ರಮ.

ಮದುವೆಯಾದ ಮೇಲೆ ಅಭಿಪ್ರಾಯಗಳು ಇನ್ನೂ ಹೆಚ್ಚಾದವು. ನಮ್ಮದು ಹೊಳೆಮೀನು ತಿನ್ನುವ ಮನೆ. ಗಂಡನ ಮನೆ ಅಂಕೋಲೆಯ ಕೇಣಿಯಲ್ಲಿ, ಅವರದು ಕಡಲಮೀನು. ನನ್ನ ಮಾವ, ಅಂದರೆ ಇವರ ತಂದೆ, ಕೇಣಿಯಲ್ಲಿ ತಾಂಡೇಲರಾಗಿದ್ದವರು. ದೋಣಿಯ ಮೇಲಿದ್ದವರೆಲ್ಲ ಅವರ ಮಾತಿನಂತೆ ನಡೆಯಬೇಕು, ಗಾಳಿಯೂ ನಡೆದರೆ ಒಳ್ಳೆಯದು ಎಂಬ ಗತ್ತು. ನನ್ನ ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಉಳಿದ ಹೊತ್ತಿನಲ್ಲಿ ಗದ್ದೆ ಮಾಡಿ, ಎರಡೂ ಕಡೆ ಯಾರ ಮಾತನ್ನೂ ಕೇಳದೆ ನಿವೃತ್ತರಾದವರು. ಬೀಗರಿಬ್ಬರೂ ಕೂಡಿದಾಗ ಮೊದಲು ಮೀನಿನ ಮೇಲೆ ಜಗಳ ಆಗಬೇಕು. ‘ನಿಮ್ಮ ಹೊಳೆಮೀನಿಗೆ ಕೆಸರು ವಾಸ್ನೆ ಬೀಗರೆ’ ಎಂದು ಮಾವ ಶುರು ಮಾಡುತ್ತಿದ್ದರು. ‘ಕೆಸರಾದ್ರೂ ನಮ್ದೇ ಗದ್ದೆದು’ ಎಂದು ಅಪ್ಪ. ಆಮೇಲೆ ಇಬ್ಬರೂ ಒಂದೇ ಬಟ್ಟಲಿನಿಂದ ಎರಡೂ ಮೀನು ತಿನ್ನುತ್ತಿದ್ದರು.

ಮಗಳು ಹುಟ್ಟಿದ ವರ್ಷದ ಮಾತು ಇದು. ಹೋಳಿಯ ಹೊತ್ತಿಗೆ ಹೆರಿಗೆಯಾಗಿ ನಾನು ತವರಿನಲ್ಲಿ ಬಾಣಂತಿ. ಬಾಣಂತನ ಅಂದರೆ ಏನು ಎಂದು ನಮ್ಮ ಕಡೆಯ ಹೆಂಗಸರನ್ನು ಕೇಳಿ. ಹಿತ್ತಲ ಬದಿಯ ಕತ್ತಲ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಚರ್ಮ ಸುಲಿಯುವಷ್ಟು ಬಿಸಿನೀರು, ಕಣ್ಣು ಉರಿಯುವಷ್ಟು ಹೊಗೆ, ಬೆಳ್ಳುಳ್ಳಿ, ಕಾಳುಮೆಣಸು, ಮತ್ತೆ ಬೆಳ್ಳುಳ್ಳಿ. ಗಾಳಿ ತಾಗಬಾರದೆಂದು ಆಯಿ ಕಿಟಕಿಗೆ ಗೋಣಿಚೀಲ ಹೊಡೆಸಿದ್ದರು. ಒಂದು ಮೂಲೆಯಲ್ಲಿ ಮಾತ್ರ ಗೋಣಿ ಬಿಟ್ಟುಕೊಂಡು ನಾಲ್ಕು ಬೆರಳಿನ ಸಂದು. ಆ ಸಂದಿನಿಂದ ಕಾಣುತ್ತಿದ್ದದ್ದು ತಾರೆ ಮರ, ಅದರಾಚೆ ಒಂದಿಷ್ಟು ಹಿತ್ತಲು, ಅಷ್ಟೇ.

ನಿಜ ಹೇಳುತ್ತೇನೆ, ನನಗೆ ಆಗ ಸಂತೋಷ ಇರಲಿಲ್ಲ. ಎಲ್ಲರೂ ಮಗುವನ್ನು ನೋಡಿ ನಗುತ್ತಿದ್ದರು, ನಾನು ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಈ ಕೋಣೆಯಿಂದ ನಾನು ಇನ್ನು ಹೊರಗೆ ಬರುವುದಿಲ್ಲ, ಬಂದರೂ ಹಳೆಯ ನಾನಾಗಿ ಬರುವುದಿಲ್ಲ ಎಂದು ಒಂದೇ ಸಮನೆ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಆಯಿಗೆ ಹೇಳಿದರೆ ಇನ್ನೂ ಒಂದು ಕೊಡ ಬಿಸಿನೀರು ಹೊಯ್ಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಸಂದಿನಿಂದ ನೋಡುತ್ತೇನೆ, ಪೊಟರೆಯ ಬಾಯಿಗೆ ಮಂಗಟ್ಟೆ ಹಕ್ಕಿಯೊಂದು ಒಳಗಿನಿಂದ ಗಾರೆ ಮೆತ್ತುತ್ತಿದೆ. ಮಂಗಟ್ಟೆಯನ್ನು ನೀವು ನೋಡಿರಬಹುದು. ಕಪ್ಪು ಬಿಳಿ ಮೈ, ಬಾಳೆಕಾಯಿಯಂಥ ಕೊಕ್ಕು, ಆ ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟಂತೆ ಒಂದು ಕೊಂಬು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಹೊಕ್ಕು, ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಕಲಸಿ ತನಗೆ ತಾನೇ ಗೋಡೆ ಹಾಕಿಕೊಳ್ಳುತ್ತದೆ. ಕೊಕ್ಕು ಹೊರಗೆ ಬರುವಷ್ಟು ಸಂದು ಮಾತ್ರ. ಒಳಗೆ ಕೂತು ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಮರಿ ಬೆಳೆಯುವ ತನಕ ಗಂಡು ಹೊರಗಿನಿಂದ ಗೋಳಿಹಣ್ಣು ತಂದು ಒಂದೊಂದೇ ಕೊಡಬೇಕು. ಆಯಿ ಗಂಜಿಯ ಬಟ್ಟಲು ಹಿಡಿದು ಬಂದವರು ನನ್ನ ಭುಜದ ಮೇಲಿನಿಂದ ಇಣುಕಿದರು. ‘ಅಯ್ಯ, ಅದೂ ಬಾಣಂತಿ ಆಯ್ತು ನೋಡು’ ಎಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ಇಬ್ಬರು ಬಾಣಂತಿಯರು. ಭಾನುವಾರ ಇವರು ಕಾರವಾರದಿಂದ ಬಸ್ಸು ಹತ್ತಿ ಹಣ್ಣಿನ ಚೀಲ ಹಿಡಿದು ಬಂದರೆ, ಅಣ್ಣ ಅಂಗಳದಿಂದಲೇ ‘ಗಂಡು ಮಂಗಟ್ಟೆ ಬಂತು’ ಎಂದು ಕೂಗುವುದು. ಆಯಿ ಹಿತ್ತಲಲ್ಲಿ ಒನಕೆ ಕುಟ್ಟುವುದನ್ನು ನಿಲ್ಲಿಸಿದರು. ಮರದ ಕೆಳಗೆ ಯಾರಾದರೂ ಜೋರು ಮಾತಾಡಿದರೆ ‘ಬಾಣಂತಿ ಮಲಗ್ಯದೆ’ ಎಂದು ಗದರಿಸುವುದು, ಅದು ಯಾವ ಬಾಣಂತಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನಂತೂ ಅಳುವುದನ್ನು ಮರೆತು ಗಂಡುಹಕ್ಕಿಯ ಹಾದಿ ಕಾಯುವುದನ್ನು ಕಲಿತೆ. ದೂರದಿಂದಲೇ ಅದರ ರೆಕ್ಕೆಯ ಭುಸ್ ಭುಸ್ ಶಬ್ದ ಕೇಳುತ್ತಿತ್ತು. ಮಗುವನ್ನು ಎದೆಗೆ ಹಚ್ಚಿಕೊಂಡು ಸಂದಿಗೆ ಕಣ್ಣಿಡುತ್ತಿದ್ದೆ. ನಾಲ್ಕೂ ಜೀವಕ್ಕೆ ಊಟದ ಹೊತ್ತು ಒಂದೇ. ಅವಳು ಹೊರಗೆ ಬಂದರೆ ನಾನೂ ಬರುತ್ತೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ. ಗಣಿತ ಕಲಿಸುವವಳು ಹೀಗೆಲ್ಲ ಗಂಟು ಹಾಕಿಕೊಳ್ಳಬಾರದು, ಗೊತ್ತಿದೆ.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗಿನ ಮಳೆ ಬಂತು. ಬೆಳಿಗ್ಗೆ ನೋಡಿದರೆ ತಾರೆ ಮರ ಮನೆಯ ಕಡೆ ವಾಲಿದೆ, ಬುಡದ ಮಣ್ಣು ಬಾಯಿ ಬಿಟ್ಟಿದೆ. ಅಪ್ಪ ಸುತ್ತು ಹಾಕಿ ನೋಡಿ ಬಂದು, ‘ಈ ಮರ ಮಳೆಗಾಲ ಕಾಣೂದಿಲ್ಲ. ಕಡಿಸೂದೇ’ ಎಂದರು.

‘ಬಾಣಂತಿ ಇದ್ದ ಕೋಣೆನ ಯಾರಾದ್ರೂ ಕೆಡಗ್ತಾರಾ?’ ಎಂದರು ಆಯಿ.

‘ಅದು ಹಕ್ಕಿ ಮಾರಾಯ್ತಿ.’

‘ಹಕ್ಕಿ ಆದ್ರೆ ಬಾಣಂತಿ ಅಲ್ವಾ?’

‘ಮತ್ತೆ ನಮ್ಮ ಬಾಣಂತಿ ಮೇಲೆ ಮರ ಬಿದ್ರೆ? ಆ ಕೂಸಿನ ಮೇಲೆ ಬಿದ್ರೆ? ಹೇಳು, ಈಗ ಹೇಳು.’

ಆಯಿ ಒಳಗೆ ಬಂದು ಮಗುವಿನ ಹೊದಿಕೆ ಸರಿಮಾಡಿದರು. ಬೇರೆ ಕೋಣೆಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಮರ ಬಿದ್ದರೆ ಹಿತ್ತಲಿನಿಂದ ಜಗಲಿಯ ತನಕ ಹಂಚಿನ ಮಾಡನ್ನೆಲ್ಲ ಒರೆಸಿಕೊಂಡು ಹೋಗುವಷ್ಟು ಉದ್ದವಿತ್ತು. ಅಪ್ಪನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ, ಅವರ ಭಯ ನನ್ನ ಮಗುವಿನ ಸಲುವಾಗಿಯೇ. ಒಂದು ಕಡೆ ತೊಡೆಯ ಮೇಲೆ ನಿದ್ದೆ ಮಾಡುತ್ತಿರುವ ಮಗು, ಇನ್ನೊಂದು ಕಡೆ ಸಂದಿನಲ್ಲಿ ಆಡುವ ಆ ಕೊಕ್ಕು. ಗರಗಸದವನಿಗೆ ಹೇಳಿಕಳಿಸಿ ಆಗಿತ್ತು.

ಗರಗಸದವನಿಗಿಂತ ಮೊದಲು ಮಾವ ಬಂದರು. ಮೊಮ್ಮಗಳನ್ನು ನೋಡಲೆಂದು ಕೇಣಿಯಿಂದ ಇಸೋಣ ಮೀನಿನ ಬುಟ್ಟಿ ಹೊತ್ತುಕೊಂಡು ಬಂದವರು, ಹಿತ್ತಲಿನ ಗದ್ದಲ ಕೇಳಿ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ನೇರ ಮರದ ಬುಡಕ್ಕೆ ಹೋದರು. ತಲೆಯೆತ್ತಿ ನೋಡಿದರು. ಅಂಗೈ ಚಾಚಿ ಗಾಳಿ ನೋಡಿದರು. ‘ಕಡಿಯೂದು ಎಂತಕ್ಕೆ ಬೀಗರೆ? ಗಾಳಿ ಬಂದಾಗ ನಾವು ದೋಣಿನ ಕಡೀತೇವಾ? ಕಟ್ತೇವೆ’ ಎಂದರು.

‘ಇದು ದೋಣಿ ಅಲ್ಲ’ ಎಂದರು ಅಪ್ಪ.

‘ಒಳಗೆ ಜನ ಇದ್ರೆ ಎಲ್ಲಾ ದೋಣಿಯೇ.’

ಮಾರನೆಯ ದಿನ ಟೆಂಪೋದಲ್ಲಿ ದೋಣಿಯ ಹಗ್ಗಗಳು ಬಂದವು. ತೋಳಿನಷ್ಟು ದಪ್ಪ, ಉಪ್ಪು ಹಿಡಿದು ಬಿಳಚಿಕೊಂಡವು. ಮಾವನ ಹಳೆಯ ದೋಣಿ ಹಿಂದಿನ ವರ್ಷ ಒಡೆದು ಸೌದೆಯಾಗಿತ್ತು, ಅದರ ಹಗ್ಗಗಳು ಮನೆಯ ಅಟ್ಟದಲ್ಲಿ ಉಳಿದಿದ್ದವು. ಗರಗಸದವನನ್ನು ಅಪ್ಪ ವಾಪಸ್ಸು ಕಳಿಸಲಿಲ್ಲ, ‘ಕೂತಿರು, ಬೇಕಾಗ್ತದೆ’ ಎಂದು ಜಗಲಿಯಲ್ಲಿ ಚಹ ಕೊಟ್ಟು ಕೂರಿಸಿದರು. ತೆಂಗಿನಕಾಯಿ ಕೀಳುವ ಆಳು ಮರ ಹತ್ತಿ ಪೊಟರೆಗಿಂತ ಮೇಲೆ ಹಗ್ಗ ಸುತ್ತಿದ. ಕೆಳಗಿನ ತುದಿಗಳನ್ನು ಗುಡ್ಡದ ಬದಿಗೆ ಎಳೆದು ಎರಡು ತೆಂಗಿನ ಮರಕ್ಕೂ ಒಂದು ಕರಿಗಲ್ಲಿಗೂ ಬಿಗಿದರು. ಅಪ್ಪ ಇನ್ನೂ ಬಿಗಿಯಿರಿ ಎಂದರೆ ಮಾವ ಬೇಡ ಎನ್ನುವುದು. ದೋಣಿಗೆ ಓಲಾಡಲು ಸ್ವಲ್ಪ ಬಿಡಬೇಕಂತೆ, ಇಲ್ಲವಾದರೆ ಹಗ್ಗ ಹರಿಯುತ್ತದಂತೆ. ಎಲ್ಲ ಮುಗಿದ ಮೇಲೆ ಮಾವ ಜೇಬಿನಿಂದ ಈ ಕೆಂಪು ಬಟ್ಟೆ ತೆಗೆದರು. ಅವರ ದೋಣಿಯ ಬಾವುಟ. ದೋಣಿ ಕಟ್ಟಿದ ಮೇಲೆ ಬಾವುಟ ಏರಿಸದೆ ಬಿಡುವ ಕ್ರಮ ಕಡಲಿನವರಿಗೆ ಇಲ್ಲ. ಆಳು ಅದನ್ನು ಮೇಲಿನ ಗಂಟಿನ ಹತ್ತಿರ ಒಂದು ಗಳಕ್ಕೆ ಕಟ್ಟಿ ಇಳಿದ. ಗಾಳಿಗೆ ಪಟಪಟ ಹಾರಿತು. ಮಾವ ಕೈಮುಗಿದರು. ಬಹಳ ಚಂದ ಕಂಡಿತು, ಸುಳ್ಳು ಯಾಕೆ ಹೇಳಲಿ.

ಗಂಡುಹಕ್ಕಿ ಬರಲಿಲ್ಲ.

ಬಂತು, ಆದರೆ ಮರಕ್ಕೆ ಬರಲಿಲ್ಲ. ಗಂಟಲ ತುಂಬ ಹಣ್ಣು ಇಟ್ಟುಕೊಂಡು ಒಂದು ಸುತ್ತು ಹಾಕಿ ದೂರದ ಮಾವಿನ ಮರದಲ್ಲಿ ಕೂತಿತು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಪೊಟರೆಯ ಸಂದಿನಿಂದ ಹೆಣ್ಣಿನ ಕೊಕ್ಕು ಹೊರಗೆ ಬಂದು, ಕಾದು, ಒಳಗೆ ಹೋಯಿತು. ಮರುದಿನ ಬೆಳಿಗ್ಗೆಯೂ ಅದೇ. ಒಳಗಿನಿಂದ ಮರಿಯ ಸಣ್ಣ ಕರ್ಕಶ ಕೂಗು ನನಗೆ ಕೇಳಿಸುತ್ತಿತ್ತು, ಅಥವಾ ಕೇಳಿಸುತ್ತಿದೆ ಎಂದು ಅನ್ನಿಸುತ್ತಿತ್ತು. ಹಿತ್ತಲಲ್ಲಿ ಬೀಗರ ಜಗಳ ಶುರುವಾಯಿತು. ಹಗ್ಗದ ವಾಸನೆಗೆ ಹೆದರಿತು ಎಂದು ಅಪ್ಪ, ಗರಗಸದವನ ಮುಖಕ್ಕೆ ಹೆದರಿತು ಎಂದು ಮಾವ. ಹಸಿದು ಸಾಯುವುದಕ್ಕಿಂತ ಒಂದೇ ಸಲಕ್ಕೆ ಕಡಿದು ಮರಿಯನ್ನು ಇಳಿಸಿ ಸಾಕುವುದು ಲೇಸು ಎಂಬ ಮಾತೂ ಬಂತು. ಗರಗಸದವನು ಜಗಲಿಯಿಂದ ಎದ್ದು ಹಿತ್ತಲಿಗೆ ಬಂದು ನಿಂತದ್ದು ನನಗೆ ಕಂಡಿತು.

ಆ ಮರವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ನಾನು. ಮಾಡಲು ಬೇರೆ ಕೆಲಸವೇ ಇರಲಿಲ್ಲವಲ್ಲ. ಗಂಡು ಎರಡು ಸಲ ಪೊಟರೆಯ ತೀರ ಹತ್ತಿರ ಬಂದಿತ್ತು. ಹಗ್ಗ ದಾಟಿ ಬಂದಿತ್ತು. ಎರಡು ಸಲವೂ ಕೆಂಪು ಬಟ್ಟೆ ಪಟ್ ಎಂದು ಬಡಿದದ್ದೇ ತಿರುಗಿ ಹಾರಿತ್ತು. ಹೇಳಬೇಕು, ಆದರೆ ಯಾರಿಗೆ? ಆಯಿ ಗದ್ದೆಯ ಕಡೆ ಹೋಗಿದ್ದರು. ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ದನಿ ಎತ್ತುವುದಿಲ್ಲ. ಅದರಲ್ಲೂ ತಲೆಗೆ ಬಟ್ಟೆ ಕಟ್ಟಿದ ಬಾಣಂತಿ, ಅದರಲ್ಲೂ ಕಿಟಕಿಯಿಂದ. ನಾನು ಗೋಣಿಚೀಲವನ್ನು ಎರಡೂ ಕೈಯಿಂದ ಹಿಡಿದು ಕಿತ್ತೆ. ಮೊಳೆಗಳು ಉದುರಿದವು. ‘ಮಾವಾ! ಬಾವುಟ ತೆಗೀರಿ!’ ಎಂದು ಹೊಳೆಯಾಚೆ ಕೇಳುವ ಹಾಗೆ ಕೂಗಿದೆ.

ಜಗಳ ನಿಂತಿತು. ಮಾವ ನನ್ನ ಕಡೆ ನೋಡಿದರು. ಅವರ ಮುಖ ಸಣ್ಣದಾಯಿತು. ಬಾವುಟ ಇಳಿಸುವುದೆಂದರೆ ದೋಣಿ ಸತ್ತಿತು ಎಂದು ಅರ್ಥ. ಹಿಂದಿನ ವರ್ಷ ಅವರು ಅದನ್ನು ಒಂದು ಸಲ ಇಳಿಸಿದ್ದರು, ಆ ದಿನ ಊಟ ಮಾಡಿರಲಿಲ್ಲವೆಂದು ಇವರು ಹೇಳಿದ್ದರು. ಈಗ ಇನ್ನೊಂದು ಸಲ ಇಳಿಸು ಎಂದು ನಾನು ಕೇಳುತ್ತಿದ್ದೆ.

‘ಅದ್ಕೆ ಹೆದರ್ತದೆ ಮಾವ. ನಾ ನೋಡಿದೆ. ಹಗ್ಗಕ್ಕಲ್ಲ’ ಎಂದೆ.

ತೆಂಗಿನ ಆಳು ಆ ದಿನ ಬಂದಿರಲಿಲ್ಲ. ಮಾವ ಪಂಚೆಯನ್ನು ಕಚ್ಚೆ ಹಾಕಿ, ಏಣಿ ಇಟ್ಟು, ಏಣಿ ಮುಗಿದಲ್ಲಿಂದ ಹಗ್ಗ ಹಿಡಿದು ಹತ್ತಿದರು. ‘ಬೀಗರೆ, ಬೇಡ, ಬೇಡ’ ಎನ್ನುತ್ತ ಅಪ್ಪ ಏಣಿಯ ಬುಡವನ್ನು ಅಪ್ಪಿ ಹಿಡಿದುಕೊಂಡರು. ಅಷ್ಟು ವಯಸ್ಸಿನ ಮನುಷ್ಯ ದೋಣಿಯ ಕೂವೆಮರ ಹತ್ತುವ ಅಭ್ಯಾಸದಿಂದ ಅಲ್ಲಿ ಮೇಲೆ ನಿಂತು ಗಂಟು ಬಿಚ್ಚಿ, ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇಳಿದರು. ಎಲ್ಲರೂ ಜಗಲಿಯ ಕಡೆ ಸರಿದರು. ನಾನು ಕಿಟಕಿಯಲ್ಲೇ ಇದ್ದೆ, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಆಗ ಕೇಳಿತು, ಭುಸ್, ಭುಸ್, ಭುಸ್. ಗಂಡು ನೆಟ್ಟಗೆ ಬಂದು ತೊಗಟೆಗೆ ಅಂಟಿಕೊಂಡು ಕೂತಿತು. ಒಂದು ಹಣ್ಣು, ಇನ್ನೊಂದು, ಮತ್ತೊಂದು. ಒಳಗಿನ ಕೊಕ್ಕು ಎಷ್ಟು ಅವಸರದಲ್ಲಿ ಕಸಿದುಕೊಂಡಿತೆಂದರೆ ನಾನು ನಕ್ಕುಬಿಟ್ಟೆ. ಬಾಣಂತನದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಮಾವ ಕಿಟಕಿಯ ಹತ್ತಿರ ಬಂದು ಬಾವುಟವನ್ನು ನನ್ನ ಕೈಗೆ ಕೊಟ್ಟರು. ‘ದೋಣಿ ನೀರಿಗೆ ಇಳಿಯೂ ದಿನ ಕಟ್ಟೂದಲ್ವಾ ಬಾವುಟ? ನಾ ಗಡಿಬಿಡಿ ಮಾಡ್ದೆ ಮಗಾ. ಅವ್ಳು ಹೊರಗೆ ಬಂದ ದಿನ ಕಟ್ಟುವಾ. ನೀ ಇಟ್ಕೊ’ ಎಂದರು. ಗರಗಸದವನು ಚಹದ ಲೋಟ ತೊಳೆದಿಟ್ಟು ಹೊರಟುಹೋದ. ಅಪ್ಪ ತಡೆಯಲಿಲ್ಲ.

ಮಳೆಗಾಲ ಬಂತು, ಬರುವಾಗ ನಮ್ಮ ಕಡೆ ಬರುವ ಹಾಗೆಯೇ ಬಂತು. ಮಧ್ಯಾಹ್ನವೇ ಕತ್ತಲು. ಗುಡ್ಡದಿಂದ ಇಳಿದ ಗಾಳಿ ತಾರೆ ಮರವನ್ನು ಹಿಡಿದು ಅಲ್ಲಾಡಿಸಿತು. ಹಗ್ಗಗಳು ಗುಂಯ್ ಎನ್ನುತ್ತಿದ್ದವು. ಮರ ಮನೆಯ ಕಡೆ ಬಾಗುವುದು, ಹಗ್ಗ ಒಂದಿಷ್ಟು ಬಿಟ್ಟುಕೊಟ್ಟು ಮತ್ತೆ ಹಿಡಿಯುವುದು. ಮರದಿಂದ ದೂರ ಇರಲೆಂದು ಆಯಿ ನನ್ನನ್ನು ಕೋಣೆಯಿಂದ ಕರೆತಂದಿದ್ದರು, ನಾನು ಮಗುವನ್ನು ಅಪ್ಪಿಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದೆ. ಕೊಡೆ ಹಿಡಿದು ಹೋದ ಅಪ್ಪ ಕೊಡೆ ಕಳೆದುಕೊಂಡು ಬಂದರು. ‘ಗಂಟು ಗಟ್ಟಿ ಅದೆ. ಬೀಗರು ಚಲೋ ಕಟ್ಟಿದಾರೆ’ ಎಂದರು. ಮಾವ ಎದುರಿಗಿಲ್ಲದಿದ್ದರಿಂದ ಆ ಮಾತು ಬಂತು. ಒಂದು ಕೊಂಬೆ ಮುರಿದು ಬಚ್ಚಲಿನ ಹಂಚು ಪುಡಿಯಾಯಿತು. ಮರ ನಿಂತಿತು.

ಬೆಳಿಗ್ಗೆ ಜಿಟಿಜಿಟಿ ಮಳೆ. ಟಕ್ ಟಕ್ ಎಂಬ ಶಬ್ದಕ್ಕೆ ನಾನು ಕಿಟಕಿಗೆ ಹೋದೆ. ಅವಳು ಗೋಡೆ ಒಡೆಯುತ್ತಿದ್ದಳು. ಗಾರೆಯ ಒಂದು ಹಕ್ಕಳೆ ಬಿತ್ತು, ಇನ್ನೊಂದು ಬಿತ್ತು. ಮೊದಲು ಕೊಕ್ಕು, ಆಮೇಲೆ ಕುತ್ತಿಗೆ, ಆಮೇಲೆ ಮುದುಡಿದ ಮೈ. ಹೊಸ ಗರಿ, ಹೊಸ ಬಿಳಿ. ಒಂದು ಗಳಿಗೆ ಪೊಟರೆಯ ಬಾಯಲ್ಲಿ ಕೂತು ಮಳೆಯನ್ನು ನೋಡಿದಳು, ಮತ್ತೆ ಹಾರಿದಳು. ಅದು ಹಾರಿದ್ದೋ ಬಿದ್ದದ್ದೋ ಹೇಳುವುದು ಕಷ್ಟ, ಆದರೆ ಮಾವಿನ ಮರ ಮುಟ್ಟಿದಳು. ಹಿಂದೆ ಪೊಟರೆಯಲ್ಲಿ ಇನ್ನೊಂದು ಸಣ್ಣ ಕೊಕ್ಕು ಕಾಣಿಸಿತು.

ನಾನು ಹಿತ್ತಲ ಬಾಗಿಲ ಚಿಲಕ ತೆಗೆದೆ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಹಿತ್ತಲಿಗೆ ಇಳಿದೆ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬಿತ್ತು, ಎತ್ತಿಕೊಳ್ಳಲಿಲ್ಲ. ಬಿಸಿನೀರಿನ ಕೊಡ ಹೊತ್ತು ಬಂದ ಆಯಿ ಅಲ್ಲೇ ನಿಂತರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಆಯಿ ಕೊಡ ಕೆಳಗಿಟ್ಟು, ಕೈಯನ್ನು ಮಗುವಿನ ತಲೆಯ ಮೇಲೆ ಕೊಡೆಯಂತೆ ಹಿಡಿದು, ‘ಬಂದ್ಲಾ? ಎಲ್ಲಿ, ನಂಗೂ ತೋರ್ಸು’ ಎಂದರು. ನಾವು ಮೂವರೂ ಒದ್ದೆಯಾದೆವು. ನನಗೆ ಗೆದ್ದೆ ಅನ್ನಿಸಿತು. ಯಾರ ಮೇಲೆ ಗೆದ್ದೆ ಎಂದು ಇವತ್ತಿಗೂ ಗೊತ್ತಿಲ್ಲ, ಗೆದ್ದದ್ದಂತೂ ಹೌದು. ಮರಿ ಇನ್ನೂ ಒಳಗಿತ್ತಲ್ಲ, ಅದೂ ಹಾರಿದ ದಿನ ಮಾವ ಬಂದು ಬಾವುಟ ಏರಿಸಿದರು.

ಆಮೇಲೆ ಅದು ಮನೆಯ ಕ್ರಮವಾಯಿತು. ಮೇ ಬಂತೆಂದರೆ ಅಪ್ಪ ಹಗ್ಗದ ಗಂಟು ನೋಡುವುದು, ಹಕ್ಕಿ ಹಾರಿದ ಮೇಲೆ ಬಾವುಟ, ಮಳೆ ಬಿಟ್ಟ ಮೇಲೆ ಅದು ನನ್ನ ಕಪಾಟಿಗೆ. ಮರ ಕಡಿಸಲು ಹೊರಟವರು ಯಾರು ಎಂದು ಕೇಳಿದರೆ ಅಪ್ಪ ಅಣ್ಣನ ಕಡೆ ಬೆರಳು ತೋರಿಸುತ್ತಾರೆ. ಆದರೆ ಹೋದ ಮಳೆಗಾಲದಲ್ಲಿ ಮರದ ತುದಿ ಮುರಿದು ಬಿತ್ತು, ಪೊಟರೆಯ ಮೇಲೆ ಸ್ವಲ್ಪವೇ ಉಳಿಯಿತು. ಈ ವರ್ಷ ಹೋಳಿ ಕಳೆದರೂ ಹಕ್ಕಿ ಬರಲಿಲ್ಲ. ಅಪ್ಪ ಫೋನಿನಲ್ಲಿ ಆ ಮಾತೇ ಎತ್ತುತ್ತಿರಲಿಲ್ಲ, ಹೊಳೆಮೀನಿನ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದರು. ಮಾವ ಈಗ ನಮ್ಮ ಜೊತೆಗೇ ಇದ್ದಾರೆ, ಮೊಣಕಾಲು ಮಡಚುವುದಿಲ್ಲ. ‘ದೋಣಿಗೆ ಕಾಲ ಅಂತ ಒಂದು ಇರ್ತದೆ’ ಎಂದು ಒಂದು ಸಂಜೆ ತಮ್ಮಷ್ಟಕ್ಕೇ ಅಂದುಕೊಂಡರು.

ಇವತ್ತು ಬೆಳಿಗ್ಗೆ ಅಪ್ಪನ ಫೋನು. ‘ಬಾವುಟ ತಕಂಡು ಬಾ’ ಎಂದರು, ಅಷ್ಟೇ. ಹಕ್ಕಿ ತಡವಾಗಿ ಬಂದಿತ್ತಂತೆ. ಒಳಗೆ ಹೋದದ್ದನ್ನು ಅಪ್ಪ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು, ದೃಷ್ಟಿ ತಾಗೀತೆಂದು. ಹೇಳದೆ ಇರಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನೆನೆಸಿಯೇ ನನಗೆ ನಗು ಬಂತು.

ಈಗ ಹಣಕೋಣದ ಅಂಗಳದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾರಿನಲ್ಲಿ ಇಡೀ ದಾರಿ ಬಾವುಟವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದ ಮಾವ, ಇಳಿದ ಕೂಡಲೇ ಅದನ್ನು ಅಪ್ಪನ ಕೈಗೆ ಕೊಟ್ಟರು. ‘ಈ ವರ್ಷ ನೀವು ಏರ್ಸಿ ಬೀಗರೆ. ಕಾದವರು ನೀವು’ ಎಂದರು. ಅಪ್ಪ ವಾದಕ್ಕಿಳಿಯದೆ ಅದನ್ನು ಹಗ್ಗಕ್ಕೆ ಕಟ್ಟಿದರು, ನಾನು ಕಂಡಂತೆ ಇದು ಮೊದಲ ಸಲ. ಈಗ ಎಲ್ಲ ಸುಲಭ ಮಾಡಿಟ್ಟಿದ್ದಾರೆ, ಕೆಳಗೆ ನಿಂತೇ ಹಗ್ಗ ಎಳೆದರೆ ಸಾಕು. ನನ್ನ ಮಗಳು, ಆ ಕೋಣೆಯ ಕೂಸು, ಈಗ ನನಗಿಂತ ಎತ್ತರ. ಅಜ್ಜನ ಕೈಯ ಕೆಳಗೆ ತಾನೂ ಹಗ್ಗ ಹಿಡಿದಳು. ಕೆಂಪು ಬಟ್ಟೆ ಏರಿತು, ಬಿಚ್ಚಿಕೊಂಡಿತು, ಪಟಪಟ ಬಡಿಯಿತು. ಬೆಳಿಗ್ಗೆಯಷ್ಟೇ ಹೊರಗೆ ಬಂದಿದ್ದ ಮರಿ ಮಾವಿನ ಮರದಿಂದ ತೂರಾಡುತ್ತ ಹಾರಿ ಬಂತು. ಈಗ ಹೆದರಿ ತಿರುಗುತ್ತದೆ ಎಂದುಕೊಂಡೆ. ಅದು ಬಾವುಟದ ಪಕ್ಕದಲ್ಲೇ ಹಗ್ಗದ ಮೇಲೆ ಕೂತಿತು. ಬಟ್ಟೆ ಬೆನ್ನಿಗೆ ಬಡಿದರೂ ಕದಲಲಿಲ್ಲ. ಆ ದೊಡ್ಡ ಕೊಕ್ಕನ್ನು ಎತ್ತಿ ಹೊಳೆಯ ಕಡೆ ನೋಡುತ್ತ ಕೂತಿತು.

‘ನೋಡಿದ್ರಾ ಬೀಗರೆ?’ ಎಂದರು ಮಾವ, ಊರುಗೋಲು ಎತ್ತಿ ತೋರಿಸುತ್ತ. ‘ಇವ ದೋಣಿ ಮೇಲೇ ಹುಟ್ಟಿದವ!’

ಅಪ್ಪ ಹಗ್ಗ ಬಿಟ್ಟು, ಎರಡೂ ಕೈ ಮೇಲೆತ್ತಿ, ಹೊಳೆಯಾಚೆ ಕೇಳುವ ಹಾಗೆ ಹೋ ಎಂದು ಕೂಗಿದರು. ಅವರ ಜೊತೆ ನಾನೂ ಕೂಗಿದೆ.